ಮುಂಗೈಯ ಗ್ರಂಥಿ

ಡಾಕ್ಟರ್ ದಾಕ್ಷಾಯಣಿ ಬೆಟಗೇರಿ ತಮ್ಮ ಆಯುಷ್ಯದ ಬಹುಪಾಲನ್ನು ಪರರ ಕೊರಳಲ್ಲಿ ಕಳೆದವರು. ಗಂಟಲಮಣಿಯ ಕೆಳಗೆ ಶ್ವಾಸನಾಳವನ್ನು ತಬ್ಬಿ ಕೂತಿರುವ ಥೈರಾಯ್ಡ್ ಗ್ರಂಥಿ, ಅದರ ಬೆನ್ನಿಗಂಟಿದ ಜೋಳದ ಕಾಳಿನಂಥ ಪುಟ್ಟ ಗ್ರಂಥಿಗಳು, ಪಕ್ಕದಲ್ಲೇ ಹಾದುಹೋಗುವ, ಮನುಷ್ಯನ ದನಿಯನ್ನೆಲ್ಲ ಹೊತ್ತ ಒಂದು ತೆಳ್ಳನೆಯ ನರ. ಅಂಗೈಯಗಲದ ಈ ಸೀಮೆಯೇ ಅವರ ಹೊಲ. ಒಂದೇ ಹೊಲವನ್ನು ಉತ್ತು ಉತ್ತು ಹಣ್ಣಾದವನ ಕಾಲಿಗೆ ಕಲ್ಲೆಲ್ಲಿದೆ, ನೀರೆಲ್ಲಿ ನಿಲ್ಲುತ್ತದೆ ಎಂಬುದು ತಾನಾಗಿ ತಿಳಿಯುವಂತೆ ಅವರ ಬೆರಳಿಗೆ ಕೊರಳು ತಿಳಿದಿತ್ತು.

ಅವರು ಹುಟ್ಟಿದ್ದು ಗದಗಿನ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ. ಅವರ ದೊಡ್ಡವ್ವನ ಕೊರಳಲ್ಲಿ ಗಡ್ಡೆ ಬೆಳೆದಿತ್ತು. ಮನೆಯವರು ಸುಣ್ಣ ಹಚ್ಚಿಸಿದರು, ಹರಕೆ ಹೊತ್ತರು. ಗಡ್ಡೆ ಉಸಿರಿನ ದಾರಿಗೆ ಅಡ್ಡಬಂದಾಗ ಗಾಡಿಯಲ್ಲಿ ಮಲಗಿಸಿಕೊಂಡು ಪ್ಯಾಟೆಯ ದವಾಖಾನೆಗೆ ಹೊರಟರು. ದಾರಿಯಲ್ಲೇ ಗಾಡಿಯನ್ನು ಹಿಂದಕ್ಕೆ ತಿರುಗಿಸಬೇಕಾಯಿತು. ದಾಕ್ಷಾಯಣಿ ಸರ್ಜನ್ ಆದದ್ದಕ್ಕೆ ಇದೇ ಕಾರಣವೆಂದು ಸನ್ಮಾನದ ಸಭೆಗಳಲ್ಲಿ ಜನ ಹೇಳುವುದುಂಟು. ಅವರು ಹೌದೆನ್ನುತ್ತಿರಲಿಲ್ಲ, ಅಲ್ಲವೆನ್ನುತ್ತಲೂ ಇರಲಿಲ್ಲ.

ಕೊರಳಿನ ಕ್ಯಾನ್ಸರನ್ನು ಕೊಯ್ದು ತೆಗೆಯುವುದು ಅವರಿಗೆ ಕಷ್ಟದ ಮಾತಾಗಿರಲಿಲ್ಲ. ಕಷ್ಟ ಇದ್ದದ್ದು ಆಮೇಲಿನ ಬಾಳುವೆಯಲ್ಲಿ. ಗ್ರಂಥಿ ಹೋದ ಮೇಲೆ ಅದು ಸುರಿಯುತ್ತಿದ್ದ ರಸವೂ ಹೋಯಿತು; ದಿನಾ ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಗುಳಿಗೆ, ಸಾಯುವ ತನಕ. ಊರಲ್ಲಿ ನಿಂತು ಬಾಳುವವರಿಗೆ ಅದು ಹಲ್ಲುಜ್ಜಿದಷ್ಟೇ ಸಲೀಸು. ಕುರಿಯ ಹಿಂದೆ ಊರೂರು ತಿರುಗುವ ಮಾಳವ್ವನಂಥವಳಿಗೆ ಹಾಗಲ್ಲ. ಅವಳ ಕೊರಳಿನ ಕ್ಯಾನ್ಸರನ್ನು ದಾಕ್ಷಾಯಣಿಯೇ ತೆಗೆದಿದ್ದರು. ಗುಳಿಗೆಯ ಡಬ್ಬಿ ಒಮ್ಮೆ ಹಳ್ಳದ ನೀರಿನಲ್ಲಿ ಹೋಯಿತು, ಒಮ್ಮೆ ಆಡು ತಿಂದಿತು, ಒಮ್ಮೆ ತೀರಿಹೋಗಿ ತರುವವರು ಸಿಗಲಿಲ್ಲ. ಅವಳು ಮೊದಲು ಜಡವಾದಳು, ಮುಖ ಊದಿತು, ಮಾತು ತೊದಲಿತು. ಒಂದು ಚಳಿಗಾಲದ ಬೆಳಗ್ಗೆ ಕಂಬಳಿಯೊಳಗಿಂದ ಏಳಲೇ ಇಲ್ಲ. ಗಂಡ ಅಮೋಗೆಪ್ಪ ಅವಳನ್ನು ಈರುಳ್ಳಿ ಚೀಲ ಹೇರಿದ ಟೆಂಪೋದಲ್ಲಿ ಹಾಕಿಕೊಂಡು ಹುಬ್ಬಳ್ಳಿಗೆ ತಂದಾಗ ಮೈ ತಣ್ಣಗಾಗಿತ್ತು. ಅವಳು ಬದುಕಿದ್ದು ದೊಡ್ಡದು.

ದಾಕ್ಷಾಯಣಿಯವರ ಸಂಶೋಧನೆ ಮೊಳೆತದ್ದು ಈ ಇಕ್ಕಟ್ಟಿನಿಂದ. ಕೊರಳಿನ ಪುಟ್ಟ ಕಾಳುಗ್ರಂಥಿಗಳನ್ನು ತೆಗೆದು ಮುಂಗೈಯ ಸ್ನಾಯುವಿನೊಳಗೆ ನೆಡುವುದು ಸರ್ಜನ್ನರಿಗೆ ಹಳೆಯ ವಿದ್ಯೆ. ಅಗೆ ಕಿತ್ತು ಬೇರೆ ಮಡಿಗೆ ಹಚ್ಚಿದಂತೆ ಅವು ಅಲ್ಲಿ ಬೇರೂರಿ ಬದುಕುತ್ತವೆ. ಹಾಗಾದರೆ ಒಂದು ಇಡೀ ಹೊಸ ಥೈರಾಯ್ಡನ್ನೇ ಬೆಳೆಸಿ ಕೈಯಲ್ಲಿ ನೆಟ್ಟರೆ? ರೋಗಿಯದೇ ಚರ್ಮದ ಚೂರು ತೆಗೆದು, ಅದರ ಜೀವಕೋಶಗಳನ್ನು ಬಸಿರಿನೊಳಗಿನ ಎಳೆತನಕ್ಕೆ ಹಿಂದಿರುಗಿಸಿ, ಅಲ್ಲಿಂದ ಥೈರಾಯ್ಡಿನ ಹಾದಿಗೆ ಹಚ್ಚಿ, ರೇಷ್ಮೆಯ ಬಲೆಯ ಮೇಲೆ ತಿಂಗಳುಗಟ್ಟಲೆ ಸಾಕಿದರೆ ಬಾದಾಮಿಯಷ್ಟು ದೊಡ್ಡ ಗ್ರಂಥಿಯೊಂದು ತಯಾರಾಗುತ್ತಿತ್ತು. ಜೊತೆಗೆ ಕೂದಲೆಳೆಯಂಥ ಒಂದು ತಂತಿ. ಗ್ರಂಥಿ ಎಷ್ಟು ರಸ ಸುರಿಯಿತೆಂಬುದನ್ನು ಅದು ಸೊಂಟದ ಚೀಲದಲ್ಲಿನ ಫೋನಿಗೆ ಹೇಳುತ್ತಿತ್ತು, ಫೋನು ಆಸ್ಪತ್ರೆಗೆ ಹೇಳುತ್ತಿತ್ತು. ಮುಂಗೈಯೇ ಏಕೆಂದರೆ, ಏನಾದರೂ ಎಡವಟ್ಟಾದರೆ ಕೊರಳು ಬಿಚ್ಚದೆ ಒಂದು ಸಣ್ಣ ಗೀರಿನಲ್ಲಿ ಹೊರತೆಗೆಯಬಹುದು.

ಮೊದಲು ಗಂಡಸರಿಗೆ ನೆಟ್ಟರು. ಎಲ್ಲ ನೆಟ್ಟಗಿತ್ತು. ಆಮೇಲೆ ಹೆಂಗಸರಿಗೆ ನೆಟ್ಟರು. ಮಾಳವ್ವ ಅವರಲ್ಲಿ ಒಬ್ಬಳು.

ಆಸ್ಪತ್ರೆಯ ವೀಕ್ಷಣಾ ಕೋಣೆಯ ಗೋಡೆಯಗಲದ ಪರದೆಯ ಮೇಲೆ ಪ್ರತಿಯೊಬ್ಬರದೂ ಒಂದೊಂದು ಗೆರೆ ಓಡುತ್ತಿತ್ತು. ಕಾಯಲು ಸಮೀರ ನದಾಫ ಎಂಬ ಎಂಜಿನಿಯರ್ ಇದ್ದ. ಗಂಡಸರ ಗೆರೆಗಳು ಗಾಳಿಯಿಲ್ಲದ ಹೊತ್ತಿನ ಕೆರೆಯ ಹಾಗೆ ಮಲಗಿದ್ದವು. ಹೆಂಗಸರವು ಹಾಗಿರಲಿಲ್ಲ. ಹೊತ್ತೇರುವುದರೊಳಗೆ ಗ್ರಂಥಿ ಒಮ್ಮೆಲೇ ಉಕ್ಕಿ, ಗೆರೆ ತೆಂಗಿನ ಮರದಷ್ಟೆತ್ತರ ಏರಿ ಇಳಿಯುತ್ತಿತ್ತು. ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಮೈ ಉರಿಯುತ್ತದೆ ಎಂದು ಅವರು ದೂರುತ್ತಿದ್ದರು. ಮೊದಲೇ ಗುಂಡಿಗೆ ಸೋತಿದ್ದ ಒಬ್ಬಾಕೆ ತೀವ್ರ ನಿಗಾ ಘಟಕ ಸೇರಿ ಪ್ರಯಾಸದಿಂದ ಉಳಿದುಕೊಂಡಳು. ಪರಿಶೀಲನಾ ಸಮಿತಿ ಮುಲಾಜಿಲ್ಲದೆ ಹೇಳಿತು: ಮುಂದಿನ ಸಭೆಯೊಳಗೆ ಕಾರಣ ಸಿಗಬೇಕು, ಇಲ್ಲವಾದರೆ ಹೆಂಗಸರ ಕೈಯಿಂದೆಲ್ಲ ಗ್ರಂಥಿ ತೆಗೆಯಬೇಕು.

ತೆಗೆದರೆ ಉಳಿದವರು ಹೇಗೋ ಗುಳಿಗೆಯ ಮೇಲೆ ಬದುಕುತ್ತಾರೆ. ಮಾಳವ್ವ ಬದುಕುವುದಿಲ್ಲ. ದಾಕ್ಷಾಯಣಿಗೆ ಇದು ಲೆಕ್ಕದಷ್ಟು ಸ್ಪಷ್ಟವಾಗಿತ್ತು.

"ಮೇಡಂ, ಒಂದ ಮಾತ ಹೇಳ್ತೀನಿ, ಬೈಬ್ಯಾಡ್ರಿ," ಎಂದ ಒಂದು ದಿನ ಸಮೀರ.

"ಬೈಯೂ ಹಂಗಿದ್ರ ಬೈತೀನಿ. ಹೇಳು."

"ಹೆಣ್ಮಕ್ಕಳೊಳಗ ಕೆಲವರ ಗೆರಿ ಗಂಡಸರಂಗ ತಣ್ಣಗ ಅದಾವ್ರಿ. ನರಗುಂದದ ಕಾಶವ್ವಂದು ನೋಡ್ರಿ, ಇಲ್ಲೆ. ಅವರಿಗೆಲ್ಲಾ ಕೂಡೂದು ಒಂದ ಸಂಗತಿ. ಗಂಡಂದಿರು ತೀರಿಕೊಂಡಾರ."

"ಅಂದ್ರ?"

"ಅಂದ್ರ, ಇದು ಗಂಡ ಇದ್ದೋರಿಗೆ ಅಷ್ಟ ಬರೋ ರೋಗ. ಕೊಯ್ದು ತಗ್ಯಾಕ ಬರಾಂಗಿಲ್ಲ, ಗುಳಿಗಿನೂ ಇಲ್ಲ."

ದಾಕ್ಷಾಯಣಿ ನಕ್ಕರು. ಆದರೆ ನಗೆಯ ಮಾತನ್ನೂ ತಳ್ಳಿಹಾಕುವ ಸ್ಥಿತಿಯಲ್ಲಿ ಅವರಿರಲಿಲ್ಲ. ಒಲೆಯ ಕಾವೇ, ಹೊಗೆಯೇ ಎಂದು ಯೋಚಿಸಿದರೆ, ಕಾಶವ್ವನೂ ಒಲೆ ಊದುತ್ತಾಳೆ. ಬೆಳಗಿನ ಹೊತ್ತು ಮೈಯೊಳಗಿನ ರಸಗಳು ಏರುವುದು ಸಹಜ. ಅದು ಎಲ್ಲರಿಗೂ ಒಂದೇ. ಕೆಲವರನ್ನು ಆಸ್ಪತ್ರೆಗೆ ಕರೆಸಿ ವಾರ್ಡಿನಲ್ಲಿ ಇಟ್ಟುಕೊಂಡು ನೋಡಿದರು. ಬಂದ ಮರುದಿನದಿಂದ ಗೆರೆ ನೆಲ ಹಿಡಿಯಿತು. ಮನೆಗೆ ಕಳಿಸಿದರೆ ಮತ್ತೆ ಎದ್ದಿತು.

"ನೋಡ್ರಿ ಮತ್ತ," ಎಂದ ಸಮೀರ. "ತವರುಮನಿಗೆ ಬಂದಂಗ ಆರಾಮಾಗ್ತಾರ."

ಕಡೆಗೆ ನರ್ಸ್ ಒಬ್ಬಳು ಎಲ್ಲರಿಗೂ ಫೋನು ಮಾಡಿ ಮನೆಯಲ್ಲಿ ಜಗಳ ಉಂಟೇ, ಗಂಡ ಹೊಡೆಯುತ್ತಾನೆಯೇ ಎಂದು ಕೇಳಿದಳು. ಒಬ್ಬಿಬ್ಬರು ಹೌದೆಂದರು. ಉಳಿದವರು ಸಿಟ್ಟಾದರು. ಮಾಳವ್ವ ಮಾತ್ರ ನಕ್ಕು, "ಎರಡನೂರು ಕುರಿ ಕಾಯಾಂವಗ ಹೊಡ್ಯಾಕ ಪುರಸತ್ತರೆ ಎಲ್ಲೈತ್ರಿ ಯವ್ವಾ? ಬೇಕಾರ ಹಬ್ಬಕ್ಕ ಹೊಡಸ್ಕೊಂಡು ಹೇಳ್ತೀನಿ," ಅಂದಿದ್ದಳು.

ಫೋನಿನಲ್ಲಿ ಕೇಳಿ ಪ್ರಯೋಜನವಿಲ್ಲವೆಂದು ದಾಕ್ಷಾಯಣಿ ತಾವೇ ಹೊರಟರು.

ಮುಂಡರಗಿಯ ಈಚೆ, ಜೋಳ ಕೊಯ್ದ ಹೊಲವೊಂದರಲ್ಲಿ ಅಮೋಗೆಪ್ಪನ ಕುರಿ ಕೂತಿದ್ದವು. ಹೊಲದವನಿಗೆ ಗೊಬ್ಬರವಾಗುತ್ತದೆ, ಕುರಿಗಾರನಿಗೆ ಕಾಳು ಸಿಗುತ್ತದೆ. ಹಿಂದಿನಿಂದ ನಡೆದುಬಂದ ಕೊಡುಕೊಳ್ಳು ಅದು. ಡಾಕ್ಟರು ಕಾರಿಳಿದು ಜೋಳದ ಕೂಳೆ ತುಳಿಯುತ್ತ ಬಂದಾಗ ಇಬ್ಬನಿ ಇನ್ನೂ ಆರಿರಲಿಲ್ಲ. ನಾಯಿ ಬೊಗಳಿತು. ಅಮೋಗೆಪ್ಪ ಅದಕ್ಕೊಂದು ಹೆಂಟೆ ಬೀಸಿ ಓಡಿಬಂದ.

"ಯಾಕ್ರಿ ಅಕ್ಕಾರ, ಕರದಿದ್ರ ನಾವ ಬರ್ತಿದ್ವಲ್ಲ? ಏನ ಕಡಿಮಿ ಐತಿ ಈಕೀಗೆ?"

"ಕಡಿಮಿ ಅಲ್ಲ, ಹೆಚ್ಚಾಗೇತಿ. ನಿಮ್ಮ ಕೆಲಸ ನೀವ ಮಾಡ್ರಿ. ನಾ ಕುಂತ ನೋಡ್ತೀನಿ."

"ನಮ್ಮನ್ನ ನೋಡಾಕ ಹುಬ್ಬಳ್ಳಿಯಿಂದ ಬಂದೀರಾ!" ಎಂದಳು ಮಾಳವ್ವ ಮೂರು ಕಲ್ಲಿನ ಒಲೆಯ ಮುಂದೆ ಕೂತು. "ಮದವಿ ಆಗೂ ಮುಂದನೂ ಯಾರೂ ಇಷ್ಟ ದೂರದಿಂದ ನೋಡಾಕ ಬಂದಿದ್ದಿಲ್ಲ."

ದಾಕ್ಷಾಯಣಿ ಕಂಬಳಿಯ ಮೇಲೆ ಕೂತು, ಮಾಳವ್ವನ ಗೆರೆಯನ್ನು ತೋರಿಸುವ ಪುಟ್ಟ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡರು. ಗೆರೆ ಸಮವಾಗಿತ್ತು. ಮಾಳವ್ವ ಒಲೆ ಹಚ್ಚಿದಳು, ಊದಿದಳು, ಹೊಗೆಗೆ ಕಣ್ಣೊರೆಸಿಕೊಂಡಳು, ಗೆರೆ ಅಲುಗಲಿಲ್ಲ. ಗಂಡನಿಗೆ, ಆ ಮರಿ ಕುಂಟುವುದನ್ನು ನೋಡಬಾರದೇ ಎಂದು ಗದರಿದಳು, ಅವನು ಮರುಗದರಿದ; ಅಲುಗಲಿಲ್ಲ. ಕುದಿನೀರು ಬೆರೆಸಿದ ಜೋಳದ ಹಿಟ್ಟು ನಾದುವ ಮರದ ಕೊಣಮಿಗೆಯಲ್ಲಿ ಆರುತ್ತಿತ್ತು. ಮಾಳವ್ವ ಅದನ್ನು ಮುಂದಕ್ಕೆಳೆದುಕೊಂಡಳು. ನಾದಲು ಕೈ ಹಾಕುವ ಮೊದಲು, ಬಲಗೈಯಿಂದ ಎಡಗೈಯ ಹಸಿರು ಬಳೆಗಳನ್ನೆಲ್ಲ ಒಟ್ಟಿಗೆ ಹಿಡಿದು, ಹಿಟ್ಟು ತಾಗದಂತೆ ಮೇಲಕ್ಕೆ ನೂಕಿದಳು. ಮುಂಗೈ ದಪ್ಪವಾಗುವಲ್ಲಿ ಬಳೆಗಳು ಬಿಗಿದು ನಿಂತವು. ಎಡಗೈಯಿಂದ ಬಲಗೈಯವನ್ನೂ ಹಾಗೆಯೇ ನೂಕಿದಳು. ಆಮೇಲೆ ಮೈಯ ಭಾರವನ್ನೆಲ್ಲ ಅಂಗೈಗೆ ಬಿಟ್ಟು ನಾದತೊಡಗಿದಳು.

ತೊಡೆಯ ಮೇಲಿನ ಯಂತ್ರ ಕೂಗಿಕೊಂಡಿತು.

ದಾಕ್ಷಾಯಣಿ ಯಂತ್ರವನ್ನು ನೋಡಲಿಲ್ಲ. ಮಾಳವ್ವನ ಎಡ ಮುಂಗೈಯನ್ನು ನೋಡುತ್ತಿದ್ದರು. ತಾವೇ ಹಾಕಿದ ಹೊಲಿಗೆಯ ಗುರುತಿನ ಮೇಲೆ ಸರಿಯಾಗಿ ಬಳೆಗಳ ಸಾಲು ಕೂತಿತ್ತು. ಪ್ರತಿಸಲ ಮುಷ್ಟಿ ಹಿಟ್ಟಿಗೆ ಇಳಿದಾಗಲೂ ಸ್ನಾಯು ಉಬ್ಬಿ ಬಳೆಗೆ ಒತ್ತುತ್ತಿತ್ತು. ನಡುವೆ ಸಿಕ್ಕ ಗ್ರಂಥಿ ಹಿಂಡಿಸಿಕೊಳ್ಳುತ್ತಿತ್ತು. ಥೈರಾಯ್ಡ್ ಬಹಳ ದಿನಕ್ಕಾಗುವ ರಸವನ್ನು ತನ್ನೊಳಗೇ ಕೂಡಿಟ್ಟುಕೊಳ್ಳುವ ಗ್ರಂಥಿ. ಹಿಂಡಿದರೆ ಕೆಚ್ಚಲಿನಂತೆ ಸುರಿಯುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ಒರಟಾಗಿ ಹಿಡಿಯಬೇಡಿ ಎಂದು ಎಷ್ಟು ವಿದ್ಯಾರ್ಥಿಗಳಿಗೆ ಗದರಿದ್ದರೋ ಅವರು.

"ನಿಂದ್ರು ಮಾಳವ್ವ. ಬಳಿ ಕೆಳಗ ಇಳಿಸು. ಮತ್ತ ಏರಿಸು."

ಮಾಳವ್ವ ಇಳಿಸಿದಳು, ಏರಿಸಿದಳು, ನಾದಿದಳು. ಯಂತ್ರ ಮತ್ತೆ ಕೂಗಿತು.

"ಇದ ಏನ್ರಿ, ಬಳಿ ಕಂಡ್ರ ಬೊಗಳತೈತಿ?" ಎಂದ ಅಮೋಗೆಪ್ಪ.

ಗಂಡ ತೀರಿಕೊಂಡ ಕಾಶವ್ವನ ಕೈಯಲ್ಲಿ ಬಳೆಯಿಲ್ಲ. ವಾರ್ಡಿನಲ್ಲಿ ಮಲಗಿದವರು ರೊಟ್ಟಿ ಬಡಿಯುವುದಿಲ್ಲ. ಅಷ್ಟೇ ಇದ್ದದ್ದು. ದಾಕ್ಷಾಯಣಿ ತಮ್ಮ ಕೈಗಳನ್ನು ನೋಡಿಕೊಂಡರು. ಸರ್ಜರಿಗೆ ಸೇರಿದ ದಿನದಿಂದ ಮೊಣಕೈಯ ಕೆಳಗೆ ಅವರು ಒಂದು ದಾರವನ್ನೂ ಕಟ್ಟಿದವರಲ್ಲ. ಕೈ ತೊಳೆದು ಒಳಹೋಗುವವರಿಗೆ ಅದು ಮೊದಲ ನೇಮ. ಗ್ರಂಥಿಯನ್ನು ಕೂಡಿಸಲು ಮುಂಗೈಯ ಯಾವ ಜಾಗ ಚೆನ್ನ ಎಂದು ಪ್ರಯೋಗಶಾಲೆಯಲ್ಲಿ ಅಳೆದಾಗ ಅವರು ತಮ್ಮ ಕೈಯನ್ನೇ ಚಾಚಿದ್ದರು, ಜೊತೆಯ ಸರ್ಜನ್ನರೂ ಚಾಚಿದ್ದರು. ಹೆಂಗಸರೂ ಇದ್ದರು ಅದರಲ್ಲಿ. ಅಳತೆಗೆ ಬಂದ ಕೈಗಳೆಲ್ಲ ಬರಿಗೈಗಳೇ. ಹಿಟ್ಟು ನಾದುವ ಕೈ ಒಂದೂ ಬಂದಿರಲಿಲ್ಲ.

"ತಪ್ಪು ಬಳೀದಲ್ಲ," ಎಂದರು. "ನಾ ಇಟ್ಟ ಜಾಗದ್ದು." ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದರು. "ಸದ್ಯಕ್ಕ ಆ ಕೈಯಾನ ಬಳಿ ತಗದಬಿಟ್ರ ಎಲ್ಲಾ ಸರಿ ಆಕ್ಕೈತಿ."

ಮಾಳವ್ವನ ಕೈ ಹಿಟ್ಟಿನಲ್ಲೇ ನಿಂತಿತು. "ಬಲಗೈ ಮುತ್ತೈದಿ, ಎಡಗೈ ರಂಡಿಮುಂಡಿ ಅಂದಂಗಾತು. ಅರ್ಧಾ ಗಂಡನ್ನ ಎಲ್ಲಿ ಇಟ್ಟಿ ಅಂತ ಕೇಳಿದ್ರ ಏನ ಹೇಳ್ಲಿ?"

"ಹಂಗಾರ ಹಾಕ್ಕೋ, ಆದ್ರ ಮ್ಯಾಲ ನೂಕಬ್ಯಾಡ."

"ಹಿಟ್ಟಿನ ಮುಂದ ಕುಂತ ಮ್ಯಾಲ ಕೈ ನನ್ನ ಮಾತ ಕೇಳ್ತೈತೇನ್ರಿ? ಇಷ್ಟ ವರ್ಸ ಆತು, ನೂಕ್ತೀನಿ ಅನ್ನೂದ ನನಗ ಗೊತ್ತಿದ್ದಿಲ್ಲ, ನೀವ ಹೇಳೂ ತನಕ."

"ತಗದ ಒಗಿ," ಎಂದ ಅಮೋಗೆಪ್ಪ ಒಮ್ಮೆಲೇ. ಅವನ ದನಿ ಗಡುಸಾಗಿತ್ತು. "ಆವತ್ತ ನಿನ್ನ ಹೊತಗೊಂಡ ಹ್ವಾದಾಂವ ನಾನು. ನೀ ಏನ ಬಲ್ಲಿ, ಮಕ್ಕೊಂಡಿದ್ದಿ. ಮೈ ಹಳ್ಳದ ಕಲ್ಲಿನಂಗಾಗಿತ್ತು. ಗಂಡ ಬದಿಕ್ಯಾನ ಅಂತ ಹೇಳಾಕ ಬಳಿ ಯಾಕ ಬೇಕು? ನಾನ ಇದ್ದೀನಲ್ಲ, ಕೇಳಿದವ್ರಿಗೆ ಹೇಳ್ತೀನಿ."

"ನೀ ಎಲ್ಲಿರ್ತಿ? ಕುರಿ ಹಿಂದ ಇರ್ತಿ." ಮಾಳವ್ವ ಈಗ ನಗುತ್ತಿರಲಿಲ್ಲ. "ನಾಡಿದ್ದ ಹೊಳಿ ದಾಟತೀವಿ. ಆಕಡೆ ನಮ್ಮ ಗುರ್ತು ಯಾರಿಗೈತಿ? ಬರಿಗೈಯಾಕಿ ಅಂದ್ರ ಹೊಲದ ಗೌಡತಿ ಉಡಿ ತುಂಬತಾಳೇನು? ತಂಬಿನ್ಯಾಗ ಬರಿಗೈಯಾಕಿ ಒಬ್ಬಾಕಿನ ಅದಾಳಂದ್ರ ಹಾದಿ ಹೋಗಾವ್ರು ಏನ ತಿಳಕೋತಾರ? ಒಬ್ಬೊಬ್ಬರನ್ನ ನಿಂದರಿಸಿ ಹೇಳ್ಲೇನು, ನನ್ನ ಗಂಡ ಗುಡ್ಡದ ಹಿಂದ ಅದಾನ ಅಂತ?"

ಅಮೋಗೆಪ್ಪ ಕುಂಟುವ ಮರಿಯನ್ನು ಹಿಡಿದು ಅದರ ಗೊರಸು ನೋಡುತ್ತ ಕೂತ.

"ಇನ್ನೊಂದ ದಾರಿ ಐತಿ," ಎಂದರು ದಾಕ್ಷಾಯಣಿ. "ಅಲ್ಲಿಂದ ಕಿತ್ತು ಹೆಗಲೆಲಬಿನ ಕೆಳಗ, ಎದಿ ಮ್ಯಾಲ ಹಚ್ಚೂದು. ಅಲ್ಲಿ ಏನೂ ಒತ್ತಾಂಗಿಲ್ಲ. ಆದ್ರ ಒಮ್ಮೆ ಬೇರು ಬಿಟ್ಟದ್ದನ್ನ ಕಿತ್ತು ಹಚ್ಚಿದ್ರ ಹಿಡಿತೈತಿ ಅಂತ ಹೇಳಾಕ ಬರಾಂಗಿಲ್ಲ. ಗ್ರಂಥಿ ಸಾಯಬಹುದು. ಹೊಸಾದು ಬೆಳಸಾಕ ಮತ್ತ ವರ್ಸ ಬೇಕು, ಸಮಿತಿ ಕೊಡ್ತದೋ ಇಲ್ಲೋ. ಅಲ್ಲೀ ತನಕ ಗುಳಿಗಿ. ಬಳಿ ತಗದ್ರ ಈಗ ಇದ್ದದ್ದು ಖಾತ್ರಿ ಉಳೀತೈತಿ."

ಮಾಳವ್ವ ಹಿಟ್ಟನ್ನು ಉಂಡೆ ಮಾಡಿದಳು, ತಟ್ಟಿದಳು, ಹಂಚಿಗೆ ಹಾಕಿದಳು. ರೊಟ್ಟಿ ಉಬ್ಬಿತು.

"ಕಿತ್ತು ಹಚ್ಚರಿ," ಅಂದಳು.

ಹುಬ್ಬಳ್ಳಿಯಲ್ಲಿ ಸಮೀರ ಗೆರೆಗಳನ್ನು ನೋಡಿ, ತಲೆ ಬಡಿದುಕೊಂಡು, "ಬಳಿ! ನಮ್ಮವ್ವನೂ ದಿನಾ ನೂಕ್ತಾಳಲ್ರಿ," ಅಂದ. ಆಮೇಲೆ, "ಸೂಚನಾ ಪತ್ರದಾಗ ಒಂದ ಸಾಲು ಸೇರಸಿದ್ರ ಮುಗೀತಲ್ರಿ ಮೇಡಂ? ಎಡಗೈಗೆ ಬಳಿ ತೊಡಬಾರದು," ಅಂದ. ಸಮಿತಿಯವರೂ ಅದನ್ನೇ ಅಂದರು. ಅವರ ಮುಖದಲ್ಲಿ ನಿರಾಳವಿತ್ತು. ಅಷ್ಟು ಕಾಲದ ದುಡಿಮೆ ಒಂದು ಸಾಲಿನಲ್ಲಿ ಉಳಿಯುವುದಿತ್ತು, ಮತ್ತು ದಾಕ್ಷಾಯಣಿಗೂ ಆ ಸಾಲಿನ ಆಸೆ ಆಗದೆ ಇರಲಿಲ್ಲ.

"ಗಂಡಸರಿಗೆ ಗ್ರಂಥಿ ಕೊಟ್ಟಾಗ ಏನನ್ನೂ ಬಿಡು ಅಂತ ನಾವು ಹೇಳಲಿಲ್ಲ," ಎಂದರು ಸಭೆಯಲ್ಲಿ. "ಜಾಗ ಆರಿಸಿದವಳು ನಾನು. ತಪ್ಪಿ ಆರಿಸಿದೆ. ಯಾರಿಗೆ ಬಳೆ ಬಿಡಲು ಒಪ್ಪಿಗೆಯೋ ಅವರು ಬಿಡಲಿ. ಉಳಿದವರಿಗೆ ಜಾಗ ಬದಲಿಸೋಣ. ಗ್ರಂಥಿ ಸತ್ತರೆ ಸತ್ತಿತೆಂದು ಬರೆಯೋಣ."

ಸಮಿತಿ ಒಪ್ಪಿತು, ಉತ್ಸಾಹವಿಲ್ಲದೆ. ಶಾಲೆಯ ಮಾಸ್ತರಿಣಿಯೊಬ್ಬಳು ಬಳೆ ಬಿಟ್ಟು ಮಣಿಕಟ್ಟಿಗೆ ಗಡಿಯಾರ ಕಟ್ಟಿಕೊಂಡಳು. ಇನ್ನೊಬ್ಬಳು ರೊಟ್ಟಿಯ ಕೆಲಸವನ್ನು ಸೊಸೆಗೆ ದಾಟಿಸಿದಳು. ಇದಕ್ಕಿಂತ ಒಳ್ಳೆಯ ರೋಗ ತನಗೆ ಬಂದೇ ಇರಲಿಲ್ಲ ಎಂದು ಹೇಳಿಕಳಿಸಿದಳು. ಉಳಿದವರು ಮಾಳವ್ವನದು ಏನಾಗುತ್ತದೋ ನೋಡಿ ಹೇಳುತ್ತೇವೆ ಎಂದರು.

ಕೈ ಮತ್ತು ಎದೆಯನ್ನು ಮಾತ್ರ ಮರಗಟ್ಟಿಸಿ ಮಾಡಿದ ಶಸ್ತ್ರಚಿಕಿತ್ಸೆ ಅದು. ಮಾಳವ್ವ ಎಚ್ಚರವಾಗಿಯೇ ಇದ್ದಳು. ಎಡಗೈಯ ಬಳೆಗಳನ್ನು ಒಡೆಯಬಾರದೆಂದು ಮೊದಲೇ ಕರಾರು ಮಾಡಿದ್ದಳು. ಸಿಸ್ಟರ್ ಸಾಬೂನು ಹಚ್ಚಿ ಒಂದೊಂದನ್ನೇ ಜಾರಿಸಿ, ಅವನ್ನು ಬಟ್ಟೆಯ ಪಟ್ಟಿಯಲ್ಲಿ ಪೋಣಿಸಿ ಅವಳ ಬಲಗೈಗೇ ಕಟ್ಟಿದಳು.

"ಏನ ಹುಡುಕಾಕತ್ತೀರ್ರೀ ಅಷ್ಟ ಹೊತ್ತು?"

"ತಪ್ಪಿಸಿಕೊಂಡ ಮರಿ. ಸುಮ್ಮನ ಮಲಕ್ಕೋ."

"ಕರದ ನೋಡ್ರಿ, ಬರ್ತೈತಿ."

ಗ್ರಂಥಿ ಕಂದುಗೆಂಪಾಗಿ, ಸುತ್ತ ಬೆಳೆದ ಎಳೆ ರಕ್ತನಾಳಗಳ ಜಾಲದ ನಡುವೆ ಮಲಗಿತ್ತು. ಬಳೆ ಒತ್ತಿದ ಕಡೆ ತುಸು ಚಪ್ಪಟೆ. ದಾಕ್ಷಾಯಣಿ ನಾಳಗಳನ್ನು ಒಂದೊಂದಾಗಿ ಕಟ್ಟಿ ಬಿಡಿಸಿದರು. ಮೇಲೆ, ಎದೆಯ ಸ್ನಾಯುವಿನಲ್ಲಿ ಮೊದಲೇ ಮಾಡಿಟ್ಟ ಸಂದಿನಲ್ಲಿ ಅದನ್ನು ತಂತಿಯ ಸಮೇತ ಕೂಡಿಸಿ, ಮಣ್ಣು ಮುಚ್ಚುವವರ ಹಾಗೆ ಮೆಲ್ಲಗೆ ಹೊಲಿದರು.

ಪರದೆಯ ಮೇಲೆ ಮಾಳವ್ವನ ಗೆರೆ ಸೊನ್ನೆಗೆ ಇಳಿಯಿತು. ಅದು ಇಳಿಯಲೇಬೇಕು; ಹೊಸ ನಾಳ ಬೆಳೆಯುವ ತನಕ ಗ್ರಂಥಿ ಮೂಕ. ಆದರೆ ವಾರಗಳು ಕಳೆದರೂ ಅದು ಸೊನ್ನೆಯಲ್ಲೇ ಓಡಿತು. ರಸದ ಕೊರತೆಯಿಂದ ಗ್ರಂಥಿಗೆ ಹಸಿವು ಹುಟ್ಟಲೆಂದು, ಅಲ್ಲಿಯವರೆಗೆ ಕೊಡುತ್ತಿದ್ದ ಗುಳಿಗೆಯನ್ನು ನಿಲ್ಲಿಸಿದರು. ಮಾಳವ್ವನ ಮುಖ ಊದತೊಡಗಿತು. ಮಾತು ನಿಧಾನವಾಯಿತು, ತಮಾಷೆಗಳು ನಿಂತವು. ಬೇಸಿಗೆಯಲ್ಲೂ ಎರಡು ಕಂಬಳಿ ಹೊದ್ದಳು. ಹೊಳೆಯಾಚೆಯಿಂದ ಅಮೋಗೆಪ್ಪ ಸಂಜೆ ಫೋನು ಮಾಡಿ, ಮಳೆಯ ಸುದ್ದಿ ಕೇಳುವ ಹಾಗೆ, "ಬಂತೇನ್ರಿ?" ಎಂದಷ್ಟೇ ಕೇಳುತ್ತಿದ್ದ. "ಇನ್ನೂ ಇಲ್ಲ," ಎನ್ನುತ್ತಿದ್ದರು ದಾಕ್ಷಾಯಣಿ. ವಿವರಿಸಲು ಏನೂ ಇರಲಿಲ್ಲ.

ನಾಳೆ ಗುಳಿಗೆ ಶುರುಮಾಡಿ, ಸತ್ತಿತೆಂದು ಬರೆಯುವುದೆಂದು ಅವರು ನಿಶ್ಚಯಿಸಿದ ದಿನ ಸಮೀರ ಅವರನ್ನು ಕೋಣೆಗೆ ಕರೆದ. ಗೆರೆ ನೆಲದಿಂದ ಬೆರಳಗಲ ಎದ್ದಿತ್ತು. ಮರುದಿನ ಇನ್ನೊಂದಿಷ್ಟು. ಹೀಗೆ ಏರುತ್ತ ಏರುತ್ತ, ಇರಬೇಕಾದ ಎತ್ತರದ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಎಷ್ಟು ಕಾದರೂ ಮುಂದಕ್ಕೆ ಹೋಗಲಿಲ್ಲ. ಸ್ಕ್ಯಾನಿನಲ್ಲಿ ನೋಡಿದರೆ, ಬಳೆಗೆ ಸಿಕ್ಕಿ ಚಪ್ಪಟೆಯಾಗಿದ್ದ ಭಾಗ ಸತ್ತಿತ್ತು, ಉಳಿದದ್ದು ಬದುಕಿತ್ತು. ಮಾಳವ್ವ ವಾರ್ಡಿನ ಹಿಂದಿನ ಅಡುಗೆಮನೆಯಲ್ಲಿ ಬಳೆ ಮೇಲೆ ನೂಕಿ ರೊಟ್ಟಿ ಬಡಿದಳು, ಗೆರೆ ಅಲುಗಲಿಲ್ಲ.

ಹೊರಡುವ ದಿನ ದಾಕ್ಷಾಯಣಿ ಅವಳ ಮಂಚದ ಪಕ್ಕ ಕೂತು ಇದ್ದದ್ದನ್ನು ಇದ್ದಂತೆ ಹೇಳಿದರು. "ಅರ್ಧ ಉಳಿದೈತಿ, ಅರ್ಧ ಹೋಗೇತಿ. ಹೋದದ್ದಕ್ಕ ಅರ್ಧ ಗುಳಿಗಿ ತಗೋಬೇಕು. ದಿನಾ."

"ದಿನಾ ಅಂದ್ರ ಆಗಾಂಗಿಲ್ರಿ," ಎಂದಳು ಮಾಳವ್ವ. "ಸುಳ್ಳ ಯಾಕ ಹೇಳ್ಲಿ? ಮರೀತೀನಿ, ಇಲ್ಲಾ ಕಳೀತೀನಿ. ಕಳದ್ರ ಏನಾಕ್ಕೈತಿ? ಆವತ್ತಿನಂಗ ಕಲ್ಲಾಗ್ತೀನೇನು?"

ದಾಕ್ಷಾಯಣಿ ಯೋಚಿಸಿದರು. ಅರ್ಧ ಗ್ರಂಥಿ ಎಷ್ಟು ಸುರಿಯುತ್ತದೆ, ಗುಳಿಗೆಯಿಲ್ಲದೆ ಮೈ ಎಲ್ಲಿಯವರೆಗೆ ಇಳಿದು ಎಲ್ಲಿ ನಿಲ್ಲುತ್ತದೆ ಎಂದು ಲೆಕ್ಕ ಹಾಕಿದರು.

"ಇಲ್ಲ," ಎಂದರು. "ಕಲ್ಲಾಗೂದಿಲ್ಲ. ಜಡ ಆಗ್ತಿ. ಥಂಡಿ ಹತ್ತತೈತಿ. ನಡಿಗಿ ಸಾವಕಾಶ ಆಕ್ಕೈತಿ. ಸಾಯೂದಿಲ್ಲ."

"ಅಷ್ಟ ಏನು?" ಮಾಳವ್ವ ಮಂಚದಿಂದಿಳಿದು ಕಂಬಳಿ ಝಾಡಿಸಿ ಮಡಚಿದಳು. "ಹಿಂಡಿನ್ಯಾಗ ಮುದಿ ಕುರಿ ಹಿಂದಿಂದನ ಬರ್ತಾವ್ರಿ. ಅವನ್ನ ಯಾರೂ ಬಿಟ್ಟ ಹೋಗಾಂಗಿಲ್ಲ."

ಸಿಸ್ಟರ್ ಹಚ್ಚಿಕೊಟ್ಟ ಫೋನನ್ನು ಕಿವಿಗಿಟ್ಟುಕೊಂಡು ಅವಳು ಗಟ್ಟಿಯಾಗಿ, ಇಡೀ ವಾರ್ಡಿಗೆ ಕೇಳುವಂತೆ ಮಾತಾಡಿದಳು.

"ಎಲ್ಲೀ ತನಕ ಮುಟ್ಟಿದಿ? ... ಹೌದಾ? ಮೇವು ಐತೇನು ಅಲ್ಲಿ? ... ಇಲ್ಲಂದ್ರ ಮುಂದ ನಡಿ, ನನ್ನ ಸಲುವಾಗಿ ಕುರಿ ಉಪಾಸ ಕೆಡವಬ್ಯಾಡ. ನಾ ಬಂದು ಕೂಡ್ತೀನಿ."